ಕಾಲಸರಣಿ ಕಟ್ಟುವಾಗ ಎದುರಾಗುವ ಡೇಟಾ ಟೈಪ್ ಎರರ್: ಯಾವ ರಿಪೇರಿ ಯಾರಿಗೆ?

ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಟೈಮ್ ಸೀರೀಸ್, ಅಂದರೆ ಕಾಲಸರಣಿ, ಕಟ್ಟಲು ಕುಳಿತವರಿಗೆ ಮೊದಲು ಎದುರಾಗುವ ಎರರ್ ಹೆಚ್ಚಾಗಿ ಎರಡರಲ್ಲಿ ಒಂದಾಗಿರುತ್ತದೆ. ದಿನದ ಅಂಕಿಗಳನ್ನು ತಿಂಗಳಿಗೆ ಒಟ್ಟುಗೂಡಿಸಲು ರೀಸ್ಯಾಂಪಲ್ ಕರೆದೊಡನೆ, ಡೇಟ್‌ಟೈಮ್‌ಇಂಡೆಕ್ಸ್, ಟೈಮ್‌ಡೆಲ್ಟಾಇಂಡೆಕ್ಸ್ ಅಥವಾ ಪೀರಿಯಡ್‌ಇಂಡೆಕ್ಸ್ (ಸಾಲುಗಳನ್ನು ಕಾಲದಿಂದ ಗುರುತಿಸುವ ಇಂಡೆಕ್ಸ್‌ಗಳು) ಇದ್ದರೆ ಮಾತ್ರ ಈ ಕೆಲಸ ಆಗುತ್ತದೆ ಎಂದು ಟೈಪ್‌ಎರರ್ ಬರುತ್ತದೆ. ಇಲ್ಲವಾದರೆ ಮುನ್ಸೂಚನೆಯ ಮಾಡೆಲ್ ಕಟ್ಟುವ ಸ್ಟ್ಯಾಟ್ಸ್‌ಮಾಡಲ್ಸ್ ಲೈಬ್ರರಿಗೆ ಸರಣಿಯನ್ನು ಒಪ್ಪಿಸಿದಾಗ, ನಿಮ್ಮ ದತ್ತಾಂಶ ಆಬ್ಜೆಕ್ಟ್ ಬಗೆಗೆ (ಅಕ್ಷರಗಳೂ ಸೇರಿ ಏನನ್ನಾದರೂ ಹಿಡಿಸುವ ಡೇಟಾ ಟೈಪ್‌ಗೆ) ತಿರುಗಿದೆ, ಪರೀಕ್ಷಿಸಿಕೊಳ್ಳಿ ಎಂಬ ವ್ಯಾಲ್ಯೂಎರರ್ ಬರುತ್ತದೆ. ಎರಡೂ ಹೇಳುವುದು ಒಂದನ್ನೇ: ತಾರೀಕಿನಂತೆ ಕಾಣುತ್ತಿರುವುದು ತಾರೀಕಲ್ಲ, ಸಂಖ್ಯೆಯಂತೆ ಕಾಣುತ್ತಿರುವುದು ಸಂಖ್ಯೆಯಲ್ಲ, ಕಂಪ್ಯೂಟರ್ ಪಾಲಿಗೆ ಎರಡೂ ಬರೀ ಅಕ್ಷರಗಳ ಸಾಲು.

ಇದಕ್ಕೆ ಪರಿಹಾರ ಹುಡುಕಿದರೆ ನಾಲ್ಕೈದು ದಾರಿಗಳು ಸಿಗುತ್ತವೆ. ಯಾವುದನ್ನು ಹಿಡಿದರೂ ಪರದೆಯ ಮೇಲಿನ ಕೆಂಪು ಅಕ್ಷರಗಳು ಮಾಯವಾಗುವುದರಿಂದ ಎಲ್ಲವೂ ಸಮಾನ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ಎರರ್ ಜೊತೆಗೆ ಇನ್ನೇನು ಮಾಯವಾಯಿತು ಎಂಬುದರಲ್ಲಿ ಈ ದಾರಿಗಳ ನಡುವೆ ಅಜಗಜಾಂತರವಿದೆ, ಮತ್ತು ಆಯ್ಕೆ ಮಾಡಬೇಕಾದದ್ದು ಆ ವ್ಯತ್ಯಾಸವನ್ನು ನೋಡಿಯೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಮಾದರಿ ಫೈಲನ್ನು ಮುಂದಿಟ್ಟುಕೊಳ್ಳೋಣ. ಅಡಿಕೆ ಮಾರುಕಟ್ಟೆಯ ದಿನವಹಿ ಪಟ್ಟಿಯೊಂದು ಸಿಎಸ್‌ವಿ ರೂಪದಲ್ಲಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಬರಹದ ಫೈಲಾಗಿ, ಇದೆ. ಅದರಲ್ಲಿ ಮೂರು ಕಾಲಂ: ದಿನಾಂಕ, ಕ್ವಿಂಟಲ್‌ಗಳಲ್ಲಿ ಆವಕ, ಕ್ವಿಂಟಲ್‌ಗೆ ಸರಾಸರಿ ದರ. ದಿನಾಂಕಗಳು ನಮ್ಮ ರೂಢಿಯಂತೆ 05/06/2023, 13/06/2023 ಎಂದಿವೆ. ದರ ‘48,599’ ಎಂದು ಅಲ್ಪವಿರಾಮದೊಂದಿಗೆ ಇದೆ. ಆವಕ ಕೆಲವು ದಿನ ‘850’, ಕೆಲವು ದಿನ ‘1,240’. ಅಲ್ಲಲ್ಲಿ ಒಂದು ಅಡ್ಡಗೆರೆ, ಅಲ್ಲಲ್ಲಿ ‘ವಹಿವಾಟು ಇಲ್ಲ’ ಎಂಬ ಬರಹ. ಇಂಥ ಫೈಲನ್ನು ನೋಡದವರು ಈ ಕ್ಷೇತ್ರದಲ್ಲಿ ಇರಲಾರರು.

ಅಳೆಯುವ ಕೋಲು

ನಾನು ಪ್ರತಿ ದಾರಿಯನ್ನೂ ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತೇನೆ. ಒಂದು, ಅರ್ಥವಾಗದ ಬೆಲೆಯೊಂದು (ಇಲ್ಲಿ ಬೆಲೆ ಎಂದರೆ ಕಾಲಂನ ಒಂದು ಕೋಶದಲ್ಲಿರುವ ವ್ಯಾಲ್ಯೂ, ಅಡಿಕೆಯ ದರವಲ್ಲ) ಸಿಕ್ಕಾಗ ಅದು ಕೂಗಿ ಹೇಳುತ್ತದೆಯೋ, ಸದ್ದಿಲ್ಲದೆ ನುಂಗುತ್ತದೆಯೋ? ಎರಡು, ತಪ್ಪಾಗಿ ಅರ್ಥವಾದ ಬೆಲೆಯನ್ನು ಅದು ಹಿಡಿಯಬಲ್ಲದೋ? ಮೊದಲನೆಯದಕ್ಕಿಂತ ಇದು ಕಷ್ಟದ್ದು, ಏಕೆಂದರೆ ಇಲ್ಲಿ ಎರರ್ ಬರುವುದೇ ಇಲ್ಲ. ಮೂರು, ಮುಂದಿನ ತಿಂಗಳು ಹೊಸ ಫೈಲ್ ಬಂದು, ಅದರಲ್ಲಿ ಯಾರೋ ಹೊಸ ಬಗೆಯ ತಪ್ಪು ಮಾಡಿದ್ದರೆ ಇದೇ ಕೋಡ್ ಮೇಲೆ ನಂಬಿಕೆ ಇಡಬಹುದೋ? ನಾಲ್ಕು, ನಿಮ್ಮ ಸಮಯ ಮತ್ತು ಯಂತ್ರದ ಮೆಮೊರಿ ಎಷ್ಟು ಖರ್ಚಾಗುತ್ತದೆ? ನಾಲ್ಕನೆಯದನ್ನು ಕೊನೆಗಿಟ್ಟದ್ದು ಬೇಕೆಂದೇ. ಲಕ್ಷ ಸಾಲಿನೊಳಗಿನ ಫೈಲ್‌ಗಳಲ್ಲಿ ವೇಗದ ಚರ್ಚೆಗೆ ಹೆಚ್ಚು ಅರ್ಥವಿಲ್ಲ.

ಲೈಬ್ರರಿಯ ಊಹೆಗೆ ಬಿಡುವುದು

ಮೊದಲ ದಾರಿ ಎಲ್ಲರೂ ತಿಳಿಯದೆಯೇ ಹಿಡಿಯುವಂಥದ್ದು. ಯಾವ ಫಾರ್ಮ್ಯಾಟನ್ನೂ ಹೇಳದೆ, ಅಕ್ಷರಗಳನ್ನು ದಿನಾಂಕವಾಗಿಸುವ ಟು_ಡೇಟ್‌ಟೈಮ್ ಕರೆದು, ಉಳಿದದ್ದನ್ನು ಪಾಂಡಾಸ್ ನೋಡಿಕೊಳ್ಳಲಿ ಎಂದು ಬಿಡುವುದು. ಇದರ ಅಪಾಯವನ್ನು ತುಸು ಬಿಡಿಸಿ ನೋಡಬೇಕು.

ಹೆಚ್ಚು ಸೂಚನೆ ಇಲ್ಲದಿದ್ದರೆ ಪಾಂಡಾಸ್ ಅಮೆರಿಕದ ರೂಢಿಯಂತೆ ಮೊದಲ ಅಂಕಿಯನ್ನು ತಿಂಗಳೆಂದು ಓದುತ್ತದೆ. 2.0ಕ್ಕೆ ಹಿಂದಿನ ಆವೃತ್ತಿಗಳು ಪ್ರತಿ ಬೆಲೆಯನ್ನೂ ಬಿಡಿಬಿಡಿಯಾಗಿ ಊಹಿಸುತ್ತಿದ್ದವು. 05/06/2023 ಮೇ 6 ಆಗುತ್ತಿತ್ತು, ಆದರೆ 13ನೆಯ ತಿಂಗಳು ಇಲ್ಲವಾದ್ದರಿಂದ 13/06/2023 ಸರಿಯಾಗಿ ಜೂನ್ 13 ಆಗುತ್ತಿತ್ತು, ಒಂದೇ ಕಾಲಂನಲ್ಲಿ ಎರಡು ನ್ಯಾಯ. ಲೆಕ್ಕ ಹಾಕಿ ನೋಡಿ: ಪ್ರತಿ ತಿಂಗಳ ಮೊದಲ 12 ದಿನಗಳಂತೆ ವರ್ಷಕ್ಕೆ 144 ದಿನಾಂಕಗಳು ಗೊಂದಲಕ್ಕೆ ಸಿಗುತ್ತವೆ. ಅವುಗಳಲ್ಲಿ 01/01, 02/02ರಂಥ 12 ದಿನಾಂಕಗಳು ಹೇಗೆ ಓದಿದರೂ ಒಂದೇ. ಉಳಿದ 132 ದಿನಾಂಕಗಳು ಅದಲುಬದಲಾಗುತ್ತವೆ. ನಿಜವಾದ ಕುತ್ತು ಇರುವುದು ಮುಂದೆ. ಜೂನ್ 5 ಮೇ 6ರ ಜಾಗಕ್ಕೆ ಹೋದರೆ, ಮೇ 6 ಜೂನ್ 5ರ ಜಾಗಕ್ಕೆ ಬರುತ್ತದೆ. ಅಂದರೆ ಇಡೀ ವರ್ಷದ ದಿನವಹಿ ಸರಣಿಯಲ್ಲಿ ಈ ಅದಲುಬದಲು ಒಂದೂ ಖಾಲಿ ಜಾಗವನ್ನು ಉಳಿಸುವುದಿಲ್ಲ, ಒಂದೂ ದಿನಾಂಕವನ್ನು ಎರಡು ಬಾರಿ ತರುವುದಿಲ್ಲ. ಇಂಡೆಕ್ಸನ್ನು ವಿಂಗಡಿಸಿದ ಮೇಲೆ ನೋಡಿದರೆ 365 ದಿನಗಳೂ ಸಾಲಾಗಿ ನಿಂತಿರುತ್ತವೆ, ಡೇಟಾ ಟೈಪ್ ಕೇಳಿದರೆ ಸರಿಯಾಗಿಯೇ ಹೇಳುತ್ತದೆ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಲೆಗಳು ಮಾತ್ರ ಬೇರೆ ಯಾರದೋ ಮನೆಯಲ್ಲಿ ಕುಳಿತಿರುತ್ತವೆ.

2023ರಲ್ಲಿ ಬಂದ 2.0 ಆವೃತ್ತಿ ಇದನ್ನು ಬಹಳಮಟ್ಟಿಗೆ ತಿದ್ದಿತು. ಈಗ ಮೊದಲ ಬೆಲೆಯಿಂದ ಫಾರ್ಮ್ಯಾಟ್ ಊಹಿಸಿ ಅದನ್ನೇ ಇಡೀ ಕಾಲಂಗೆ ಹೇರುತ್ತದೆ, ಹೊಂದದ ಬೆಲೆ ಸಿಕ್ಕರೆ ಎರರ್ ಕೊಟ್ಟು ನಿಲ್ಲುತ್ತದೆ. ಹಳೆಯ ಕೋಡ್ ಹೊಸ ಆವೃತ್ತಿಯಲ್ಲಿ ಕೆಟ್ಟಿತೆಂದು ಬೇಸರಪಟ್ಟವರು ಬಹಳ ಮಂದಿ. ಅವರಲ್ಲಿ ಅನೇಕರ ಹಳೆಯ ಕೋಡ್ ಮೊದಲೇ ಕೆಟ್ಟಿತ್ತು, ಹೇಳುವವರು ಇರಲಿಲ್ಲ ಅಷ್ಟೆ.

ಆದರೂ ಒಂದು ಕಿಂಡಿ ಉಳಿದಿದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ತಿಂಗಳಿಗೊಂದು ಸಾಲು ಇರುವ ಪಟ್ಟಿಗಳಲ್ಲಿ ದಿನಾಂಕವನ್ನು ತಿಂಗಳ ಮೊದಲ ತಾರೀಕಾಗಿ ಬರೆಯುವುದು ವಾಡಿಕೆ: 01/01/2023, 01/02/2023, ಹೀಗೆ 01/12/2023ರವರೆಗೆ. ತಿಂಗಳು ಮೊದಲು ಎಂದು ಊಹಿಸಿದರೆ ಇವು ಜನವರಿ 1ರಿಂದ ಜನವರಿ 12ರವರೆಗಿನ ದಿನಗಳಾಗುತ್ತವೆ. 12ಕ್ಕಿಂತ ದೊಡ್ಡ ಅಂಕಿ ಎಲ್ಲಿಯೂ ಬರುವುದಿಲ್ಲವಾದ್ದರಿಂದ ಹೊಸ ಆವೃತ್ತಿಗೂ ಆಕ್ಷೇಪಿಸಲು ಕಾರಣ ಸಿಗುವುದಿಲ್ಲ. ನನ್ನ ನಕ್ಷೆಯಲ್ಲಿ ವರ್ಷವಿಡೀ ಹರಡಬೇಕಿದ್ದ ಗೆರೆ ಪ್ರತಿ ಜನವರಿಯ ಮೊದಲ ಎರಡು ವಾರಗಳಲ್ಲಿ ಗುಡ್ಡೆ ಬಿದ್ದು, ಉಳಿದ ಹನ್ನೊಂದೂವರೆ ತಿಂಗಳು ಉದ್ದದ ನೇರ ಗೆರೆಯಾಗಿತ್ತು. ಅದನ್ನು ಮಾರುಕಟ್ಟೆಯ ಋತುಮಾನ ಎಂದು ವಿವರಿಸಲು ನಾನು ಒಂದು ವಾಕ್ಯವನ್ನೂ ಬರೆದಿದ್ದೆ.

ಹಾಗಾಗಿ ಊಹೆಯ ದಾರಿ ನಾಲ್ಕು ಅಂಕಿಯ ವರ್ಷದಿಂದ ಆರಂಭವಾಗುವ 2023-06-05 ರೂಪದ ದಿನಾಂಕಗಳಿಗೆ ಮಾತ್ರ ಯೋಗ್ಯ. ನಮ್ಮ ಕಚೇರಿ, ಬ್ಯಾಂಕು, ಮಾರುಕಟ್ಟೆಗಳ ದಿನಾಂಕಗಳಿಗೆ ಅದು ಸಲ್ಲದು. ‘ದಿನ ಮೊದಲು’ ಎಂಬ ಡೇಫಸ್ಟ್ ಸೂಚನೆ ಕೊಟ್ಟರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅದು ಆಜ್ಞೆಯಲ್ಲ, ಒಲವು ಮಾತ್ರ ಎಂದು ಪಾಂಡಾಸ್‌ನ ದಾಖಲೆಯೇ ಹೇಳುತ್ತದೆ.

ಓದುವಾಗಲೇ ಬಗೆ ಹೇಳುವುದು

ಎರಡನೆಯ ದಾರಿ ಫೈಲನ್ನು ಓದುವ ರೀಡ್_ಸಿಎಸ್‌ವಿಗೇ ಎಲ್ಲವನ್ನೂ ತಿಳಿಸಿಬಿಡುವುದು: ಡಿಟೈಪ್ ಮೂಲಕ ಸಂಖ್ಯೆಯ ಬಗೆ, ಥೌಸಂಡ್ಸ್ ಮೂಲಕ ಅಲ್ಪವಿರಾಮ, ಎನ್‌ಎ_ವ್ಯಾಲ್ಯೂಸ್ ಮೂಲಕ ಅಡ್ಡಗೆರೆ ಮತ್ತು ‘ವಹಿವಾಟು ಇಲ್ಲ’, ಪಾರ್ಸ್_ಡೇಟ್ಸ್ ಮತ್ತು ಡೇಟ್_ಫಾರ್ಮ್ಯಾಟ್ ಮೂಲಕ ದಿನಾಂಕ. ಕೊನೆಯದು 2.0ರಿಂದ ಇದೆ. ಖಾಲಿ ಎಂದು ಪರಿಗಣಿಸಬೇಕಾದ ಪದಗಳನ್ನು ನೀವೇ ಹೆಸರಿಸುವುದರಿಂದ, ಹೆಸರಿಸದ ಹೊಸ ಪದವೊಂದು ದರದ ಕಾಲಂನಲ್ಲಿ ಬಂದರೆ ಓದುವಿಕೆ ಎರರ್ ಕೊಟ್ಟು ನಿಲ್ಲುತ್ತದೆ. ಇದು ಒಳ್ಳೆಯದು.

ಮೆಮೊರಿಯ ಲೆಕ್ಕದಲ್ಲಿಯೂ ಇದೇ ಮೇಲು. 64 ಬಿಟ್‌ನ ದಿನಾಂಕವೊಂದಕ್ಕೆ 8 ಬೈಟ್ ಸಾಕು. ಅದೇ ‘15/06/2023’ ಎಂಬ ಹತ್ತು ಅಕ್ಷರಗಳು ಪೈಥಾನ್‌ನ ಸಾಮಾನ್ಯ ಸ್ಟ್ರಿಂಗ್ ಆಗಿ ಉಳಿದರೆ 50 ಬೈಟ್‌ಗೂ ಹೆಚ್ಚು ಜಾಗ ಹಿಡಿಯುತ್ತವೆ. ಕೋಟಿ ಸಾಲುಗಳ ಸೆನ್ಸರ್ ದಾಖಲೆಗಳನ್ನು 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ನಲ್ಲಿ ತೆರೆಯುವವರಿಗೆ ಈ ವ್ಯತ್ಯಾಸವೇ ಕೆಲಸ ಆಗುವುದಕ್ಕೂ ಆಗದಿರುವುದಕ್ಕೂ ನಡುವಿನ ಗೆರೆ.

ಆದರೆ ಈ ದಾರಿಯ ಎರಡು ಕಾಲುಗಳು ಒಂದೇ ಉದ್ದದವಲ್ಲ. ಸಂಖ್ಯೆಯ ಕಾಲಂ ಕಟ್ಟುನಿಟ್ಟಾಗಿದ್ದರೂ ದಿನಾಂಕದ ಕಾಲಂ ಹಾಗಲ್ಲ: ಅರ್ಥವಾಗದ ದಿನಾಂಕ ಒಂದೇ ಒಂದು ಇದ್ದರೂ ಪಾರ್ಸ್_ಡೇಟ್ಸ್ ಇಡೀ ಕಾಲಂ ಅನ್ನು ತಿದ್ದದೆ, ಎರರ್ ಕೂಡ ಕೊಡದೆ, ಅಕ್ಷರಗಳಾಗಿಯೇ ಹಿಂತಿರುಗಿಸುತ್ತದೆ. ನೂರು ಸಾಲು ಕೆಳಗೆ ರೀಸ್ಯಾಂಪಲ್ ಕರೆದಾಗ ಅದೇ ಹಳೆಯ ಟೈಪ್‌ಎರರ್ ಎದುರಾಗುತ್ತದೆ, ಕಾರಣ ಎಲ್ಲಿದೆಯೆಂದು ತಿಳಿಯದು. ಓದಿದ ಮರುಸಾಲಿನಲ್ಲೇ ಕಾಲಂಗಳ ಬಗೆ ತೋರಿಸುವ ಡಿಟೈಪ್ಸ್ ಮುದ್ರಿಸಿ ನೋಡುವ ಅಭ್ಯಾಸ ಇದ್ದವರಿಗೆ ಮಾತ್ರ ಈ ದಾರಿ.

ಬಲವಂತದ ಪರಿವರ್ತನೆ

ಮೂರನೆಯದು ಅತ್ಯಂತ ಜನಪ್ರಿಯವಾದದ್ದು. ಅಕ್ಷರಗಳನ್ನು ಸಂಖ್ಯೆಯಾಗಿಸುವ ಟು_ನ್ಯೂಮೆರಿಕ್ ಅಥವಾ ಟು_ಡೇಟ್‌ಟೈಮ್ ಕರೆಯುವಾಗ ಎರರ್ಸ್ ಎಂಬಲ್ಲಿ ‘ಕೋಅರ್ಸ್’ ಎಂದು ಬರೆದರೆ ಸಾಕು, ಅರ್ಥವಾಗದ ಸಂಖ್ಯೆಗಳೆಲ್ಲ ನ್ಯಾನ್ ಆಗುತ್ತವೆ, ಅರ್ಥವಾಗದ ದಿನಾಂಕಗಳೆಲ್ಲ ನ್ಯಾಟ್ ಆಗುತ್ತವೆ (ಎರಡೂ ಖಾಲಿ ಎಂಬುದರ ಗುರುತು), ಕೋಡ್ ಎಲ್ಲಿಯೂ ನಿಲ್ಲುವುದಿಲ್ಲ. ಒಂದೇ ಪದದ ಮಂತ್ರ.

ನಮ್ಮ ಮಾದರಿ ಫೈಲಿನ ಆವಕದ ಕಾಲಂ ಮೇಲೆ ಇದನ್ನು ಪ್ರಯೋಗಿಸಿ. ಟು_ನ್ಯೂಮೆರಿಕ್‌ಗೆ ಅಲ್ಪವಿರಾಮ ಅರ್ಥವಾಗುವುದಿಲ್ಲ. ‘850’ ಸಂಖ್ಯೆಯಾಗುತ್ತದೆ, ‘1,240’ ನ್ಯಾನ್ ಆಗುತ್ತದೆ. ಅಂದರೆ ಸಾವಿರ ಕ್ವಿಂಟಲ್ ಮುಟ್ಟಿದ ದಿನಗಳು ಮಾತ್ರ ಆಯ್ದು ಅಳಿಸಿಹೋಗುತ್ತವೆ, ಸಣ್ಣ ಆವಕದ ದಿನಗಳು ಉಳಿಯುತ್ತವೆ. ಕಳೆದದ್ದು ಅಲ್ಲೊಂದು ಇಲ್ಲೊಂದು ಸಾಲಲ್ಲ, ಸರಣಿಯ ಶಿಖರಗಳೇ. ಅದರ ಮೇಲೆ ಸರಾಸರಿ ತೆಗೆದರೆ 1,000ದೊಳಗಿನ, ನಂಬಲರ್ಹವಾಗಿಯೇ ಕಾಣುವ ಒಂದು ಅಂಕಿ ಸಿಗುತ್ತದೆ. ಖಾಲಿ ಜಾಗಗಳನ್ನು ಇಂಟರ್‌ಪೊಲೇಟ್ ಮಾಡಿ, ಅಂದರೆ ಅಕ್ಕಪಕ್ಕದ ಅಂಕಿಗಳಿಂದ ಅಂದಾಜಿಸಿ, ತುಂಬಿಬಿಟ್ಟರಂತೂ ಕಳವಿನ ಗುರುತು ಕೂಡ ಉಳಿಯುವುದಿಲ್ಲ.

ಹಾಗಿದ್ದರೂ ಈ ದಾರಿಯನ್ನು ಪೂರ್ತಿ ತಳ್ಳಿಹಾಕುವವನು ನಾನಲ್ಲ. ಲೆಕ್ಕ ಇಟ್ಟರೆ ಇದು ಒಳ್ಳೆಯ ಪರಿಶೋಧನೆಯ ಸಾಧನ. ಮೂಲ ಕಾಲಂ ಅನ್ನು ಉಳಿಸಿಕೊಂಡು, ಪರಿವರ್ತನೆಯನ್ನು ಹೊಸ ಕಾಲಂನಲ್ಲಿ ಮಾಡಿ, ಮೊದಲು ಖಾಲಿ ಇರದೆ ಈಗ ಖಾಲಿಯಾದ ಸಾಲುಗಳ ಮೂಲ ಬರಹವನ್ನು, ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸುವ ವ್ಯಾಲ್ಯೂ_ಕೌಂಟ್ಸ್‌ಗೆ ಕೊಡಿ. ಅಲ್ಪವಿರಾಮ ತೆಗೆದ ದರದ ಕಾಲಂನಲ್ಲಿ ಮೊದಲು 11 ಖಾಲಿ ಇದ್ದವು, ಈಗ 64 ಇವೆ ಎಂದಿಟ್ಟುಕೊಳ್ಳಿ. ಹೊಸದಾಗಿ ಕಳೆದ 53ರಲ್ಲಿ 40 ಅಡ್ಡಗೆರೆ, 12 ‘ವಹಿವಾಟು ಇಲ್ಲ’, ಉಳಿದ ಒಂದು ಮಾತ್ರ ಕೊನೆಯ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದ 48500 ಎಂದು ಆ ಪಟ್ಟಿ ತೋರಿಸಿದರೆ ಮೊದಲಿನ 52ನ್ನು ಬಿಡಬಹುದು, ಒಂದನ್ನು ಕೈಯಾರೆ ತಿದ್ದಬಹುದು. ಮೂರು ಸಾಲಿನ ಈ ಕೋಡ್ ಇಲ್ಲದೆ ಕೋಅರ್ಸ್ ಬಳಸುವುದೆಂದರೆ ಕಸದ ಬುಟ್ಟಿಯನ್ನು ನೋಡದೆ ಗುಡಿಸುವುದು.

ಇದರ ಸೋದರನಾದ ‘ಇಗ್ನೋರ್’ ಆಯ್ಕೆಯನ್ನು, ಅಂದರೆ ಆಗದಿದ್ದರೆ ಇದ್ದಂತೆಯೇ ಹಿಂತಿರುಗಿಸು ಎಂಬುದನ್ನು, ಹೊಸದಾಗಿ ಬಳಸಲು ಹೋಗಬೇಡಿ. 2.2 ಆವೃತ್ತಿಯಲ್ಲಿ ಅದನ್ನು ಕೈಬಿಡುವ ಸೂಚನೆ ಬಂದಾಗಿದೆ.

ಅಕ್ಷರವಾಗಿ ಓದಿ, ಕಟ್ಟುನಿಟ್ಟಾಗಿ ಬದಲಿಸುವುದು

ನಾಲ್ಕನೆಯದು ನನ್ನ ಆಯ್ಕೆ. ಎಲ್ಲ ಕಾಲಂಗಳನ್ನೂ ಸ್ಟ್ರಿಂಗ್ ಆಗಿಯೇ ಓದಿ, ಪ್ರತಿಯೊಂದನ್ನೂ ಹೆಸರಿಟ್ಟು ಶುಚಿಮಾಡಿ, ಬಳಿಕ ಯಾವ ರಿಯಾಯಿತಿಯೂ ಇಲ್ಲದೆ ಬದಲಿಸುವುದು. ಅಲ್ಪವಿರಾಮ ತೆಗೆಯಿರಿ, ಅಡ್ಡಗೆರೆ ಮತ್ತು ‘ವಹಿವಾಟು ಇಲ್ಲ’ವನ್ನು ಖಾಲಿ ಮಾಡಿ, ನಂತರ ಆಸ್‌ಟೈಪ್ ಮೂಲಕ ಫ್ಲೋಟ್‌ಗೆ, ಅಂದರೆ ದಶಮಾಂಶ ಸಂಖ್ಯೆಯ ಬಗೆಗೆ, ಬದಲಿಸಿ. ದಿನಾಂಕಕ್ಕೆ ದಿನ, ತಿಂಗಳು, ವರ್ಷ ಎಂಬ ಫಾರ್ಮ್ಯಾಟನ್ನು ಸ್ಪಷ್ಟವಾಗಿ ಬರೆದು ಟು_ಡೇಟ್‌ಟೈಮ್ ಕರೆಯಿರಿ. ಅರಿಯದ ಬೆಲೆ ಒಂದಿದ್ದರೂ ಕೋಡ್ ನಿಲ್ಲುತ್ತದೆ, ಯಾವ ಬೆಲೆ ಎಂದೂ ಹೇಳುತ್ತದೆ. ತಿಂಗಳಿಗೊಂದು ಸಾಲಿನ ಪಟ್ಟಿಯೂ ಜನವರಿಯಲ್ಲಿ ಸಿಕ್ಕಿಬೀಳದೆ ಸರಿಯಾಗಿ ಕೂರುತ್ತದೆ.

ಫಾರ್ಮ್ಯಾಟ್ ಹೇಳುವುದರ ಬೆಲೆ ಇನ್ನೊಂದು ಕಡೆ ತಿಳಿಯುತ್ತದೆ. ಕೆಲವು ಫೈಲ್‌ಗಳಲ್ಲಿ ದಿನಾಂಕ 20230615 ಎಂಬ ಪೂರ್ಣಾಂಕವಾಗಿರುತ್ತದೆ. ಅದನ್ನು ಹಾಗೆಯೇ ಟು_ಡೇಟ್‌ಟೈಮ್‌ಗೆ ಕೊಟ್ಟರೆ, ಅದನ್ನು 1970ರ ಜನವರಿ 1ರಿಂದ ಕಳೆದ ನ್ಯಾನೊಸೆಕೆಂಡ್‌ಗಳ ಎಣಿಕೆ ಎಂದು ಭಾವಿಸುತ್ತದೆ. ಪರಿಣಾಮವಾಗಿ ನಿಮ್ಮ ಇಡೀ ಸರಣಿ 1970ರ ಮೊದಲ ಸೆಕೆಂಡಿನ ಸಣ್ಣ ಚೂರೊಂದರಲ್ಲಿ ಅಡಗಿಹೋಗುತ್ತದೆ, ಎರರ್ ಇಲ್ಲ. ನಕ್ಷೆಯ ಅಡಿಯಲ್ಲಿ ಅನಿರೀಕ್ಷಿತವಾಗಿ 1970 ಕಂಡರೆ ಹೆಚ್ಚಾಗಿ ಇಂಥದ್ದೇ ಕಾರಣ. ಎಕ್ಸೆಲ್‌ನಿಂದ ಬಂದ 45292ರಂಥ ಅಂಕಿ ಇದಕ್ಕೆ ಹತ್ತಿರದ ನೆಂಟ. ಅದು 2024ರ ಜನವರಿ 1. ಯೂನಿಟ್ ಎಂಬಲ್ಲಿ ದಿನ, ಆರಿಜಿನ್ ಎಂಬಲ್ಲಿ 1899ರ ಡಿಸೆಂಬರ್ 30 ಎಂದು ಕೊಟ್ಟರೆ ಸರಿಹೋಗುತ್ತದೆ.

ಕನ್ನಡ ಅಂಕಿಗಳ ಬಗ್ಗೆ ಒಂದು ಮಾತು. ಪೈಥಾನ್‌ನ ಫ್ಲೋಟ್‌ಗೆ ‘೪೮೫೦೦’ ಎಂದು ಕೊಟ್ಟರೆ ಅದು ತಕರಾರಿಲ್ಲದೆ 48500 ಎಂದು ಓದುತ್ತದೆ, ಯುನಿಕೋಡ್‌ನ ಯಾವ ಲಿಪಿಯ ದಶಮಾನ ಅಂಕಿಯೂ ಅದಕ್ಕೆ ಒಪ್ಪಿಗೆ. ಆದರೆ ಎಲ್ಲ ಲೈಬ್ರರಿಗಳೂ ಅಷ್ಟು ಉದಾರಿಗಳೆಂದು ನಂಬದೆ, ಶುಚಿಮಾಡುವ ಹಂತದಲ್ಲೇ ಟ್ರಾನ್ಸ್‌ಲೇಟ್ ಬಳಸಿ ಹತ್ತೂ ಅಂಕಿಗಳನ್ನು ಬದಲಿಸಿಕೊಳ್ಳುವುದು ಜಾಣತನ.

ಈ ದಾರಿಗೆ ತೆರಬೇಕಾದ ಬೆಲೆ ಸಮಯ. ಮೊದಲ ಸಲ ಹತ್ತು ಬಾರಿ ಕೋಡ್ ನಿಲ್ಲುತ್ತದೆ, ಹತ್ತು ಬಾರಿ ಒಂದೊಂದು ಹೊಸ ತಪ್ಪನ್ನು ಹೆಸರಿಸಬೇಕಾಗುತ್ತದೆ. ಮೆಮೊರಿಯೂ ಹೆಚ್ಚು ಬೇಕು. ಜೊತೆಗೆ, ಖಾಲಿ ಬೆಲೆ ಇರುವ ಪೂರ್ಣಾಂಕದ ಕಾಲಂ ಸಾಮಾನ್ಯ ಇಂಟ್ ಬಗೆಗೆ ಹೋಗುವುದಿಲ್ಲ. ಫ್ಲೋಟ್ ಆಗಿಯೇ ಬಿಡಬಹುದು, ಇಲ್ಲವೇ ಖಾಲಿಯನ್ನು ಸಹಿಸುವ, ದೊಡ್ಡ ಐ ಅಕ್ಷರದಿಂದ ಬರೆಯುವ ಇಂಟ್64 ಬಗೆಯನ್ನು ಬಳಸಬಹುದು. ಮುನ್ಸೂಚನೆಯ ಮಾಡೆಲ್‌ಗೆ ಕೊಡುವುದಾದರೆ ಫ್ಲೋಟ್ ಸಾಕು.

ಐದನೆಯದಾದ, ಪ್ರತಿ ಬೆಲೆಗೂ ನಿಮ್ಮದೇ ಫಂಕ್ಷನ್ ಬರೆದು ಅಪ್ಲೈ ಮಾಡುವ ದಾರಿ, ಒಂದೇ ಕಾಲಂನಲ್ಲಿ ಮೂರು ನಾಲ್ಕು ರೂಪದ ದಿನಾಂಕಗಳು ಬೆರೆತಿದ್ದಾಗ ಮಾತ್ರ ಬೇಕಾಗುತ್ತದೆ. ನಿಧಾನ. ಅದಕ್ಕಿಂತ ಒಂದೊಂದು ಫಾರ್ಮ್ಯಾಟ್‌ಗೆ ಹೊಂದುವ ಸಾಲುಗಳನ್ನು ಬೇರ್ಪಡಿಸಿ ಮೇಲಿನ ಕ್ರಮದಲ್ಲೇ ಬದಲಿಸಿ ಜೋಡಿಸುವುದು ಲೇಸು.

ದಿನಾಂಕದ ಪರಿವರ್ತನೆ ಯಾವ ದಾರಿಯಲ್ಲಾದರೂ ಆಗಲಿ, ದಿನವಹಿ ಸರಣಿಯಲ್ಲಿ ಅದಲುಬದಲನ್ನು ಹಿಡಿಯುವ ಎರಡು ಪರೀಕ್ಷೆಗಳಿವೆ. ಮೂಲ ಫೈಲ್ ದಿನಾಂಕದ ಕ್ರಮದಲ್ಲಿದ್ದರೆ, ವಿಂಗಡಿಸುವ ಮೊದಲು ಇಂಡೆಕ್ಸ್ ಏರುಕ್ರಮದಲ್ಲಿದೆಯೇ ಎಂದು ಕೇಳಿ. ವಿಂಗಡಿಸಿದ ಮೇಲೆ ಕೇಳಿದರೆ ಉತ್ತರ ಸದಾ ಹೌದು. ಇನ್ನೊಂದು, ಭಾನುವಾರ ವಹಿವಾಟು ನಡೆಯದ ಮಾರುಕಟ್ಟೆಯಾದರೆ ಸರಣಿಯಲ್ಲಿ ಎಷ್ಟು ಭಾನುವಾರಗಳಿವೆ ಎಣಿಸಿ. ಸೊನ್ನೆ ಬರಬೇಕಾದ ಕಡೆ ಹತ್ತು ಹದಿನೈದು ಬಂದರೆ ದಿನವೂ ತಿಂಗಳೂ ಜಾಗ ಬದಲಿಸಿವೆ ಎಂದೇ ಅರ್ಥ.

ಆರ್ ಭಾಷೆಯವರಿಗೆ

ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್‌ನಲ್ಲಿ ಆಯ್ಕೆ ಇರುವುದು ಪರಿವರ್ತನೆಯ ವಿಧಾನಕ್ಕಿಂತ ಸರಣಿಯನ್ನು ಹಿಡಿದಿಡುವ ಆಬ್ಜೆಕ್ಟ್‌ನಲ್ಲಿ. ಆರ್‌ನೊಂದಿಗೇ ಬರುವ ಟಿಎಸ್ ಅತ್ಯಂತ ಸಡಿಲ. ಅದಕ್ಕೆ ದಿನಾಂಕದ ಕಾಲಂ ಸಮೇತ ಇಡೀ ಡೇಟಾ ಫ್ರೇಮ್ ಕೊಟ್ಟರೆ, ಒಳಗೆ ಡೇಟಾ.ಮ್ಯಾಟ್ರಿಕ್ಸ್ ಕರೆದು ಅಕ್ಷರಗಳ ಕಾಲಂ ಅನ್ನು ಮೊದಲು ಫ್ಯಾಕ್ಟರ್ (ವರ್ಗಗಳ ಪಟ್ಟಿ), ಬಳಿಕ ಪೂರ್ಣಾಂಕ ಮಾಡಿಬಿಡುತ್ತದೆ. ‘48,599’ ಎಂಬ ದರ ವರ್ಣಕ್ರಮದಲ್ಲಿ ಅದಕ್ಕೆ ಸಿಕ್ಕ ಸ್ಥಾನದ ಸಂಖ್ಯೆಯಾಗುತ್ತದೆ. ಟಿಎಸ್‌ಗೆ ಸಂಖ್ಯೆಯ ಒಂದೇ ಕಾಲಂ ಕೊಡಿ, ಆರಂಭ ಮತ್ತು ಫ್ರೀಕ್ವೆನ್ಸಿಯನ್ನು, ಅಂದರೆ ವರ್ಷಕ್ಕೆ ಎಷ್ಟು ಅಂಕಿ ಎಂಬುದನ್ನು, ನೀವೇ ಹೇಳಿ. ತಿಂಗಳ ಅಥವಾ ತ್ರೈಮಾಸಿಕ ಸರಣಿಗೆ ಅದು ಇಂದಿಗೂ ಸಾಕು. ಎಕ್ಸ್‌ಟಿಎಸ್ ಪ್ಯಾಕೇಜ್ ಇದಕ್ಕಿಂತ ಕಟ್ಟುನಿಟ್ಟು, ಆರ್ಡರ್.ಬೈ ಎಂಬಲ್ಲಿ ನಿಜವಾದ ಕಾಲದ ಬಗೆ ಇಲ್ಲದಿದ್ದರೆ ಎರರ್ ಕೊಡುತ್ತದೆ. ಟಿಸಿಬಲ್ ಪ್ಯಾಕೇಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಕೀ (ಉದಾಹರಣೆಗೆ ಒಂದೇ ಮಾರುಕಟ್ಟೆ) ಮತ್ತು ಒಂದೇ ದಿನಾಂಕದ ಎರಡು ಸಾಲುಗಳಿದ್ದರೂ ಒಪ್ಪುವುದಿಲ್ಲ. ಹಲವು ಮಾರುಕಟ್ಟೆಗಳ ಸರಣಿಗಳನ್ನು ಒಟ್ಟಿಗೆ ಇಡುವವರಿಗೆ ನಾನು ಟಿಸಿಬಲ್ ಹೇಳುತ್ತೇನೆ.

ದಿನಾಂಕಕ್ಕೆ ಬಂದರೆ, ಅಕ್ಷರಗಳನ್ನು ದಿನಾಂಕವಾಗಿಸುವ ಆಸ್.ಡೇಟ್ ಅನ್ನು ಫಾರ್ಮ್ಯಾಟ್ ಇಲ್ಲದೆ ಮುಟ್ಟಲೇಬಾರದು. ‘15/01/2023’ ಕೊಟ್ಟರೆ ಅದು 15ನ್ನು ವರ್ಷವೆಂದೂ 20ನ್ನು ದಿನವೆಂದೂ ಓದಿ, ಕ್ರಿಸ್ತಶಕ 15ನೆಯ ಇಸವಿಯ ಜನವರಿ 20 ಎಂದು ಉತ್ತರಿಸುತ್ತದೆ. ಲುಬ್ರಿಡೇಟ್ ಪ್ಯಾಕೇಜಿನ, ದಿನ, ತಿಂಗಳು, ವರ್ಷದ ಕ್ರಮದಲ್ಲಿ ಓದುವ ಡಿಎಂವೈ ಇದಕ್ಕೆ ಸುಲಭದ ಬದಲಿ.

ಯಾರಿಗೆ ಯಾವುದು

ಪ್ರತಿ ತಿಂಗಳೂ ಹೊಸ ಫೈಲ್ ಬರುವ, ಅದರ ಮೇಲೆ ಯಾರೋ ನಿರ್ಧಾರ ತೆಗೆದುಕೊಳ್ಳುವ ಕೆಲಸವಾದರೆ ಅಕ್ಷರವಾಗಿ ಓದಿ ಕಟ್ಟುನಿಟ್ಟಾಗಿ ಬದಲಿಸುವ ದಾರಿಯೇ ಸರಿ. ಮೊದಲ ದಿನ ಹೋಗುವ ಎರಡು ಗಂಟೆ ಎರಡನೆಯ ತಿಂಗಳಲ್ಲೇ ಹಿಂತಿರುಗುತ್ತದೆ. ತಂಡದಲ್ಲಿ ಮೂರ್ನಾಲ್ಕು ಜನ ಅದೇ ಕೋಡ್ ಮುಟ್ಟುತ್ತಿದ್ದರೆ, ಕಾಲಂಗಳ ಬಗೆ ಮತ್ತು ಮಿತಿಗಳನ್ನು ಒಂದೆಡೆ ಬರೆದಿಡಲು ಪಾಂಡೆರಾದಂಥ ಲೈಬ್ರರಿಯನ್ನು ಸೇರಿಸಿಕೊಳ್ಳಬಹುದು. ಒಬ್ಬರೇ ಇದ್ದರೆ ಅದು ಹೊರೆ.

ಫೈಲ್ ದೊಡ್ಡದು, ರೂಪ ಸ್ಥಿರ, ಬರೆದದ್ದು ಮನುಷ್ಯರಲ್ಲ ಯಂತ್ರ ಎಂದಾದರೆ ಓದುವಾಗಲೇ ಬಗೆ ಹೇಳುವುದು ಉತ್ತಮ. ಓದಿದ ಕೂಡಲೇ ದಿನಾಂಕದ ಕಾಲಂನ ಬಗೆಯನ್ನು ಪರೀಕ್ಷಿಸುವ ಒಂದು ಅಸರ್ಟ್ ಸಾಲು ಇರಲಿ.

ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ಒಪ್ಪಿಸಬೇಕಾದ ವಿದ್ಯಾರ್ಥಿಗೆ, ಒಂದೇ ಸಲ ನೋಡಿ ಬಿಡುವ ಫೈಲ್‌ಗೆ, ಕೋಅರ್ಸ್ ತಪ್ಪೇನಲ್ಲ. ಅಲ್ಪವಿರಾಮವನ್ನು ಮೊದಲು ತೆಗೆದು, ದಿನಾಂಕಕ್ಕೆ ಫಾರ್ಮ್ಯಾಟ್ ಕೊಟ್ಟು, ಎಷ್ಟು ಸಾಲು ಕಳೆದವು ಎಂಬ ಅಂಕಿಯನ್ನು ವರದಿಯಲ್ಲಿಯೇ ಬರೆದುಬಿಡಿ.

ಈ ಯಾವ ದಾರಿಯೂ ಕೈಹಿಡಿಯದ ಒಂದು ಸಂದರ್ಭವಿದೆ. ದಿನ ಮೊದಲಿರುವ ಸಿಎಸ್‌ವಿಯನ್ನು ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ಯಾರಾದರೂ ತೆರೆದು ಉಳಿಸಿದ್ದರೆ, 12ರೊಳಗಿನ ದಿನಗಳು ಆಗಲೇ ಅದಲುಬದಲಾಗಿ ನಿಜವಾದ ದಿನಾಂಕಗಳಾಗಿರುತ್ತವೆ, ಉಳಿದವು ಅಕ್ಷರಗಳಾಗಿಯೇ ನಿಂತಿರುತ್ತವೆ. ಕಾಲಂನ ಅರ್ಧ ಬಲಕ್ಕೂ ಅರ್ಧ ಎಡಕ್ಕೂ ಅಂಟಿಕೊಂಡಿದ್ದರೆ ಅದೇ ಗುರುತು. ಆಗ ಕೋಡ್ ಬರೆಯುತ್ತಾ ಕೂರದೆ, ಎಕ್ಸೆಲ್ ಮುಟ್ಟದ ಮೂಲ ಫೈಲನ್ನು ಕಳುಹಿಸಿಕೊಡಿ ಎಂದು ಕೊಟ್ಟವರಿಗೇ ಫೋನ್ ಮಾಡಿ.